ಮಾರಿದ ಮಾಲು, ಮರಳದ ಹಣ

ಚೈತ್ರದ ರಿಯಾಯಿತಿ ಮಾರಾಟದ ದಿನಗಳಲ್ಲಾಗಲಿ, ದುರ್ಗಾಪೂಜೆಯ ಹಿಂದಿನ ವಾರಗಳಲ್ಲಾಗಲಿ ಗರಿಯಾಹಾಟ್ ವೃತ್ತದ ಬಳಿ ಕಾಲಿಡಲು ಸ್ಥಳವಿರುವುದಿಲ್ಲ. ಪಾದಚಾರಿ ಮಾರ್ಗದ ಹಾಕರ್‌ಗಳಿಂದ ಹಿಡಿದು ಹವಾನಿಯಂತ್ರಿತ ಸೀರೆ ಮಳಿಗೆಗಳವರೆಗೆ ಎಲ್ಲೆಡೆಯೂ ಜನಜಂಗುಳಿ. ಕೋಲ್ಕತ್ತದ ಕನ್ನಡಿಗರಾದ ನಮಗೂ ಆ ಬೀದಿ ಹೊಸದಲ್ಲ. ಊರಿನಿಂದ ಬಂದ ನೆಂಟರನ್ನು ತಾಂತ್ ಸೀರೆ ಕೊಡಿಸಲು ಕರೆದೊಯ್ಯುವುದೂ ಅಲ್ಲಿಗೇ.

ಕೆಲವು ವರ್ಷಗಳ ಹಿಂದೆ ಪೂಜೆಯ ಸಮಯದಲ್ಲಿ ನನ್ನ ಶ್ರೀಮತಿಯವರು ಅಲ್ಲಿನ ಅಂಗಡಿಯೊಂದರಲ್ಲಿ 4,200 ರೂಪಾಯಿ ತೆತ್ತು ಸೀರೆಯೊಂದನ್ನು ಕೊಂಡರು. ಮನೆಯಲ್ಲಿ ಮಡಿಕೆ ಬಿಚ್ಚಿ ನೋಡಿದರೆ ಸೆರಗಿನ ಬಳಿ ಒಂದು ಗೇಣು ಉದ್ದಕ್ಕೆ ನೇಯ್ಗೆ ಬಿಟ್ಟುಕೊಂಡಿತ್ತು. ಮರುದಿನ ಹಿಂದಿರುಗಿಸಲು ಹೋದಾಗ ಅಂಗಡಿಯವರು ಸಿಟ್ಟಾಗಲಿಲ್ಲ. ವಿನಯದಿಂದಲೇ ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು: ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ, ಹಣ ಹಿಂದಿರುಗಿಸುವುದಿಲ್ಲ. ಬಹಳ ಒತ್ತಾಯಿಸಿದ ಮೇಲೆ ಅದೇ ಬೆಲೆಯ ಬೇರೊಂದು ಸೀರೆ ಆರಿಸಿಕೊಳ್ಳಿರೆಂದರು. ಮನಸ್ಸಿಗೆ ಹಿಡಿಸದ ಬಣ್ಣದ ಸೀರೆಯೊಂದನ್ನು ಹಿಡಿದುಕೊಂಡು ಮನೆಗೆ ಬಂದೆವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನೆನಪಾಯಿತು. ದಿನವಿಡೀ ಬ್ಯಾಂಕಿನಲ್ಲಿ ಗ್ರಾಹಕರಿಗೆ ನಿಯಮ ತಿಳಿಸುವ ನನಗೆ, ಗ್ರಾಹಕನಾಗಿ ನಿಂತಾಗ ನನ್ನದೇ ಹಕ್ಕು ತಿಳಿದಿರಲಿಲ್ಲ.

ಆ ಮುದ್ರಿತ ಸಾಲಿಗೆ ಎಷ್ಟು ಬಲವಿದೆ? ದೋಷವುಳ್ಳ ಸರಕಿನ ವಿಷಯದಲ್ಲಿ ಬಹುಮಟ್ಟಿಗೆ ಏನೂ ಇಲ್ಲವೆನ್ನಬೇಕು. ಇಂಥ ಸಾಲನ್ನು ಬಿಲ್ಲಿನಲ್ಲಿ ಮುದ್ರಿಸುವುದು ಸರಿಯಲ್ಲವೆಂದು ಕೇಂದ್ರ ಸರ್ಕಾರ 1999ರಲ್ಲಿಯೇ ರಾಜ್ಯಗಳಿಗೆ ಬರೆದು ತಿಳಿಸಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿಯಲ್ಲಿಯೂ ದೋಷಯುಕ್ತ ವಸ್ತುವಿನ ಬೆಲೆಯನ್ನು ಹಿಂದಕ್ಕೆ ಕೊಡಿಸುವ ಅವಕಾಶವಿತ್ತು. ಅದರ ಸ್ಥಾನದಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಬಿಲ್ಲಿನಲ್ಲಿ ಅವಧಿ ನಮೂದಾಗಿದ್ದರೆ ಆ ಅವಧಿಯೊಳಗೆ, ಇಲ್ಲವಾದರೆ 30 ದಿನಗಳೊಳಗೆ ಹಣ ಮರಳಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಅವಧಿಯನ್ನು ಗೊತ್ತುಪಡಿಸುವ ಅವಕಾಶವನ್ನು ಕಾಯಿದೆ ಅಂಗಡಿಯವರ ಕೈಗೇ ಕೊಟ್ಟಿದೆ. ಮೂರು ದಿನವೆಂದು ಮುದ್ರಿಸಿದವರೊಡನೆ ವಾದಿಸುವುದು ಕಷ್ಟವಾದೀತು. ಆದರೆ 'ಹಣ ಹಿಂದಿರುಗಿಸುವುದಿಲ್ಲ' ಎಂಬುದು ಅವಧಿಯಲ್ಲ, ನಿರಾಕರಣೆ. ಆದುದರಿಂದ ಅಂತಹ ಬಿಲ್ಲಿಗೆ 30 ದಿನಗಳ ನಿಯಮವೇ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದರೂ ಕಾಯಿದೆಯಲ್ಲಿ ಇಲ್ಲದ ಹಕ್ಕನ್ನು ಕಲ್ಪಿಸಿಕೊಳ್ಳಬಾರದು. ಬಣ್ಣ ಮೆಚ್ಚಿಕೆಯಾಗಲಿಲ್ಲ, ಪಕ್ಕದ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತು, ಅತ್ತಿಗೆಗೆ ಹಿಡಿಸಲಿಲ್ಲ ಎಂಬ ಕಾರಣಗಳು ದೋಷಗಳಲ್ಲ. ಅಂತರಜಾಲದ ಮಾರಾಟಗಾರರು ಇಂಥ ಕಾರಣಗಳಿಗೂ ಎಷ್ಟೋ ವೇಳೆ ಸರಕನ್ನು ಹಿಂದಕ್ಕೆ ಪಡೆಯುವುದುಂಟು. ಅದು ವ್ಯಾಪಾರ ನೀತಿಯೇ ಹೊರತು ಎಲ್ಲ ಅಂಗಡಿಗಳ ಮೇಲೆ ಹೊರಿಸಬಹುದಾದ ಹೊಣೆಯಲ್ಲ. ಮೇಲಾಗಿ, ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾರುವವನು ಹೊಣೆಯಲ್ಲವೆಂಬ ತತ್ತ್ವ 1930ರ ಸರಕು ಮಾರಾಟ ಕಾಯಿದೆಯಲ್ಲಿದೆ. ಹಬ್ಬದ ನೂಕುನುಗ್ಗಲಿನಲ್ಲಿಯೂ ಸೀರೆಯ ಮಡಿಕೆಯನ್ನು ಪೂರ್ತಿಯಾಗಿ ಬಿಚ್ಚಿಸಿ ನೋಡುವುದೇ ಲೇಸು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ನಿಜವಾದ ತೊಡಕು ಇರುವುದು ಪುರಾವೆಯಲ್ಲಿ. ಬಿಲ್ಲು ಕೊಡದಿರುವುದನ್ನೂ 2019ರ ಕಾಯಿದೆ ಅನುಚಿತ ಪದ್ಧತಿಯೆಂದೇ ಎಣಿಸಿದೆ. ಆದರೆ ಬಿಲ್ಲಿಲ್ಲದಿದ್ದರೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇವೆ ಎಂದೊಡನೆ ನಾವೇ ತಲೆಯಾಡಿಸುತ್ತೇವೆ. ಉಳಿದದ್ದು ನೂರು ರೂಪಾಯಿ, ಕೈಬಿಟ್ಟದ್ದು ಹಕ್ಕು. ಮೊಬೈಲಿನಲ್ಲಿ ಯುಪಿಐ ಪಾವತಿಯ ದಾಖಲೆ ಇದೆಯಲ್ಲ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಯಾರು ಯಾರಿಗೆ ಎಂದು ಎಷ್ಟು ಕೊಟ್ಟರೆಂಬುದನ್ನು ಆ ದಾಖಲೆ ಹೇಳುತ್ತದೆ. ಏನನ್ನು ಕೊಂಡರೆಂದು ಹೇಳುವುದಿಲ್ಲ. ಅದು ಪೂರಕ ಸಾಕ್ಷ್ಯವಾಗಬಲ್ಲುದು, ಬಿಲ್ಲಿಗೆ ಬದಲಿಯಾಗದು.

ಹಾಗಾದರೆ ಪಾದಚಾರಿ ಮಾರ್ಗದ ವ್ಯಾಪಾರದ ಗತಿಯೇನು? 1996ರ 'ಆಪರೇಷನ್ ಸನ್‌ಶೈನ್' ಕಾರ್ಯಾಚರಣೆಯಲ್ಲಿ ಗರಿಯಾಹಾಟ್‌ನ ಹಾಕರ್‌ಗಳನ್ನು ತೆರವು ಮಾಡಲಾಗಿತ್ತು. ಅವರು ಮತ್ತೆ ಬಂದು ಅಲ್ಲಿಯೇ ನೆಲೆಯೂರಿದರು. ಅವರಿಂದ ಕೊಂಡವನೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕನೇ, ಆದರೆ ಕೈಯಲ್ಲಿ ಕಾಗದವಿಲ್ಲ. ನನ್ನ ಅನುಭವದಲ್ಲಿ ಅದೇ ಜಾಗದಲ್ಲಿ ವರ್ಷಗಟ್ಟಲೆ ಕುಳಿತ ಹಾಕರ್ ಹರಿದ ಬಟ್ಟೆಯನ್ನು ಮಾತಿಲ್ಲದೆ ಬದಲಿಸಿಕೊಟ್ಟದ್ದುಂಟು. ನಾಳೆಯೂ ನಮ್ಮ ಮುಖ ನೋಡಬೇಕೆಂಬ ದಾಕ್ಷಿಣ್ಯ ಅವನಿಗಿದೆ. ಆದರೆ ದಾಕ್ಷಿಣ್ಯವನ್ನು ನಂಬಬಹುದೇ ಹೊರತು ಹಕ್ಕಿನಂತೆ ಕೇಳಲಾಗದು.

ಬಿಲ್ಲು ಕೈಯಲ್ಲಿದ್ದರೆ ಮುಂದಿನ ದಾರಿ ಕಠಿಣವಲ್ಲ. ಮೊದಲು ದೋಷದ ಛಾಯಾಚಿತ್ರ ತೆಗೆದು ಅಂಗಡಿಗೆ ಲಿಖಿತವಾಗಿ ತಿಳಿಸಬೇಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಿಂದಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದೂರು ಸಲ್ಲಿಸಲು ಎರಡು ವರ್ಷಗಳ ಕಾಲಾವಕಾಶವಿದೆ. 2025ರ ಜನವರಿಯಲ್ಲಿ ಆರಂಭವಾದ 'ಇ-ಜಾಗೃತಿ' ತಾಣದ ಮೂಲಕ ಮನೆಯಿಂದಲೇ ದೂರು ನೀಡಬಹುದು.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇನ್ನೊಂದು ಮುಖ್ಯ ಬದಲಾವಣೆ ಇದೆ. ಹಳೆಯ ಕಾಯಿದೆಯಲ್ಲಿ ಮಾರುವವನಿರುವ ಅಥವಾ ವ್ಯವಹಾರ ನಡೆದ ಊರಿನಲ್ಲಿ ದಾವೆ ಹೂಡಬೇಕಿತ್ತು. ಈಗ ದೂರುದಾರ ವಾಸಿಸುವ ಊರಿನ ಆಯೋಗಕ್ಕೂ ಹೋಗಬಹುದು. ಗರಿಯಾಹಾಟ್‌ನಲ್ಲಿ ಕೊಂಡ ಸೀರೆಯ ದೋಷ ಧಾರವಾಡದಲ್ಲಿ ಕಂಡರೆ ಅತ್ತಿಗೆಯವರು ಧಾರವಾಡದಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ನಾವು ಕೊಂಡದ್ದಕ್ಕೆ ಕೋಲ್ಕತ್ತದಲ್ಲಿಯೇ ನ್ಯಾಯ ಕೇಳಬಹುದು.

ಹಾಗೆಂದು ಎಲ್ಲವೂ ಸುಗಮವೆಂದು ಹೇಳಿದರೆ ಅದು ಆತ್ಮವಂಚನೆಯಾದೀತು. ಎದುರುಪಕ್ಷಕ್ಕೆ ನೋಟೀಸು ತಲಪಿದ ಮೂರು ತಿಂಗಳೊಳಗೆ, ಸರಕಿನ ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳಿದರೂ ವಿಳಂಬ ಸಾಮಾನ್ಯ. 4,200 ರೂಪಾಯಿಗಾಗಿ ಯಾರು ಅಲೆದಾಡುತ್ತಾರೆಂಬ ಲೆಕ್ಕ ಅಂಗಡಿಯವರಿಗೂ ಗೊತ್ತು. ಆ ಮುದ್ರಿತ ಸಾಲು ನಿಂತಿರುವುದು ಕಾನೂನಿನ ಮೇಲಲ್ಲ, ನಮ್ಮ ಈ ಬೇಸರದ ಮೇಲೆ. ಸಾವಿರ ಗ್ರಾಹಕರಲ್ಲಿ ಹತ್ತು ಮಂದಿ ಲಿಖಿತವಾಗಿ ಕೇಳಿದರೂ ಸಾಕು, ಲೆಕ್ಕ ಬದಲಾದೀತು.

ಮುಂಬರುವ ಪೂಜೆಗೆ ಮುನ್ನ ನಮ್ಮ ಸಂಘದವರು ಒಂದು ಭಾನುವಾರ ಸೇರಿ, ದೂರಿನ ಪತ್ರ ಬರೆಯಲು ತಿಳಿಯದ ಹಿರಿಯರಿಗೆ ನೆರವಾಗುವ ಏರ್ಪಾಟು ಮಾಡಿದರೆ ಉಪಯುಕ್ತವಾದೀತು. ಬಂಗಾಳಿಯಲ್ಲಿ ವಾದಿಸಲು ಹಿಂಜರಿದು ಸುಮ್ಮನೆ ಹಿಂದಿರುಗುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಕೈಯಲ್ಲಿ ಒಂದು ಬಿಲ್ಲು, ಒಂದು ಪತ್ರ ಇದ್ದರೆ ಹೆಚ್ಚು ಮಾತು ಬೇಕಾಗುವುದಿಲ್ಲ.