ಹಾಲು ಕೊಡದ ಆ ಎರಡು ತಿಂಗಳು

ಬೇಸಿಗೆ ಶುರುವಾಯ್ತು ಅಂದ್ರೆ ನಮ್ಮ ಬ್ಲಾಗುಗಳಲ್ಲಿ ಮಾವಿನಹಣ್ಣು, ಮಜ್ಜಿಗೆ, ಮೊದಲ ಮಳೆಯ ಕವನ ಎಲ್ಲಾ ಬರುತ್ತೆ :) ಹಸುಗಳ ಬೇಸಿಗೆ ಬಗ್ಗೆ ಬರೆಯೋರು ಕಡಿಮೆ. ಅದರಲ್ಲೂ ಹಾಲು ಬತ್ತಿಸಿ ಮೂಲೆಯಲ್ಲಿ ಕಟ್ಟಿರುವ ತುಂಬುಗಬ್ಬದ ಹಸುವಿನ ಬಗ್ಗೆ ಯಾರೂ ಬರೆದಿದ್ದು ನಾನಂತೂ ನೋಡಿಲ್ಲ. ಇವತ್ತು ಅದರ ಪರವಾಗಿ ಒಂದಿಷ್ಟು ವಕಾಲತ್ತು.

ಸೀಮೆಹಸು ಸಾಕುವ ಮನೆಗಳಲ್ಲಿ ಲೆಕ್ಕ ಸರಳ. ಕರೆಯುವ ಹಸುವಿಗೆ ಒಳ್ಳೆ ಜಾಗ, ಹಿಂಡಿ, ಬೂಸಾ, ಇದ್ದರೆ ಒಂದು ಫ್ಯಾನು. ಬತ್ತಿದ ಹಸುವನ್ನು ಹೊರಗೆ ಬಿಸಿಲಲ್ಲಿ ಕಟ್ಟಿದರೂ ನಡೆಯುತ್ತೆ, ಬರೀ ಒಣಹುಲ್ಲು ಹಾಕಿದರೂ ನಡೆಯುತ್ತೆ. "ಈಗೇನು ಅದು ಹಾಲು ಕೊಡುತ್ತಾ?" ಅನ್ನೋದು ವಾದ. ನನ್ನನ್ನು ಕೇಳಿದರೆ ಈ ಲೆಕ್ಕವೇ ತಲೆಕೆಳಗು.

ಯಾಕೆ ಅಂತ ನೋಡಿ. ಹಸುವಿನ ಗಬ್ಬ ಸುಮಾರು 280 ದಿನ. ಹುಟ್ಟುವ ಹೊತ್ತಿಗೆ ಕರುವಿಗೆ ಎಷ್ಟು ತೂಕ ಇರುತ್ತೋ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯೋದು ಕೊನೆಯ ಎರಡು ತಿಂಗಳಲ್ಲಿ. ಅಂದರೆ ಸರಿಯಾಗಿ ನಾವು ಹಾಲು ಬತ್ತಿಸಿ ಹಸುವನ್ನು ಮರೆತುಬಿಡುವ ಹೊತ್ತಿನಲ್ಲಿ! ಆ ಬೆಳವಣಿಗೆಗೆ ಬೇಕಾದ ಆಮ್ಲಜನಕ, ಆಹಾರ ಎಲ್ಲ ಹೋಗೋದು ತಾಯಿಯ ರಕ್ತದಿಂದ ಗರ್ಭಕೋಶಕ್ಕೆ, ಅಲ್ಲಿಂದ ಮಾಸಿನ ಮೂಲಕ ಕರುವಿಗೆ.

ಸೆಕೆ ಹೆಚ್ಚಾದಾಗ ಹಸುವಿನ ಮೈ ಏನು ಮಾಡುತ್ತೆ? ಬಿಸಿಯನ್ನು ಹೊರಹಾಕಲು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಲೋಡ್ ಬ್ಯಾಲೆನ್ಸಿಂಗ್. ಇರುವ ರಕ್ತ ಅಷ್ಟೇ, ಒಂದು ಕಡೆ ಜಾಸ್ತಿ ಕೊಟ್ಟರೆ ಇನ್ನೊಂದು ಕಡೆ ಕಡಿತ. ಆ ಕಡಿತ ಗರ್ಭಕೋಶಕ್ಕೂ ಬೀಳುತ್ತೆ. ಇನ್ನೊಂದು ತಮಾಷೆ ಏನಂದರೆ, ಹೊಟ್ಟೆಯೊಳಗಿನ ಕರುವಿನ ಮೈ ತಾಯಿಯ ಮೈಗಿಂತ ಸ್ವಲ್ಪ ಹೆಚ್ಚೇ ಬಿಸಿ ಇರುತ್ತೆ. ತನ್ನ ಬಿಸಿಯನ್ನು ಅದು ದಾಟಿಸಬೇಕಾದ್ದೂ ಅದೇ ರಕ್ತಕ್ಕೆ. ಹರಿವು ಕಡಿಮೆಯಾದರೆ ಕರುವಿಗೆ ಊಟವೂ ಕಡಿಮೆ, ತಂಪೂ ಕಡಿಮೆ.

ಇದು ನನ್ನ ಊಹೆ ಅಲ್ಲ. ಬಿಸಿಯಲ್ಲಿ ಹಸುಗಳ ಗರ್ಭಕೋಶಕ್ಕೆ ಹರಿಯುವ ರಕ್ತ ಇಳಿಯುತ್ತೆ ಅನ್ನೋದನ್ನು 1978ರಲ್ಲೇ ಅಮೆರಿಕದ ಫ್ಲೋರಿಡಾದಲ್ಲಿ ಅಳೆದು ತೋರಿಸಿದ್ದಾರೆ. 1982ರ ಇನ್ನೊಂದು ಅಧ್ಯಯನದಲ್ಲಿ ನೆರಳಿಲ್ಲದೆ ಗಬ್ಬ ಕಳೆದ ಹಸುಗಳ ಕರುಗಳು ನೆರಳಲ್ಲಿದ್ದವುಗಳ ಕರುಗಳಿಗಿಂತ ಸುಮಾರು 3 ಕೆಜಿ ಕಡಿಮೆ ತೂಗಿದವು. 2016ರ ಅಧ್ಯಯನವಂತೂ ಕಣ್ಣು ತೆರೆಸುವಂಥದ್ದು. ಬತ್ತಿದ ದಿನಗಳಲ್ಲಿ ಸೆಕೆ ತಿಂದ ತಾಯಂದಿರ ಹೆಣ್ಣುಕರುಗಳು ಬೆಳೆದು ತಾವೇ ಕರು ಹಾಕಿದಾಗ, ಮೊದಲ ಸೂಲಿನಲ್ಲಿ ದಿನಕ್ಕೆ ಸುಮಾರು 5 ಕೆಜಿ ಹಾಲು ಕಡಿಮೆ ಕೊಟ್ಟವು. ಈ ಬೇಸಿಗೆಯಲ್ಲಿ ಉಳಿಸಿದ ನೆರಳಿನ ಖರ್ಚನ್ನು ಎರಡು ಮೂರು ವರ್ಷ ಬಿಟ್ಟು ಬಡ್ಡಿ ಸಮೇತ ಕಟ್ಟುತ್ತೇವೆ.

ಅದು ಫ್ಲೋರಿಡಾ, ನಮ್ಮದು ತಂಪು ಊರು ಅನ್ನಬೇಡಿ. 2024ರ ಏಪ್ರಿಲ್ 28ರಂದು ಬೆಂಗಳೂರಲ್ಲೇ 38.5 ಡಿಗ್ರಿ ಇತ್ತು. ಹಸುವಿನ ಮೈಬಿಸಿಯೂ ಹೆಚ್ಚುಕಡಿಮೆ ಅಷ್ಟೇ! ಗಾಳಿಯೇ ಮೈಯಷ್ಟು ಬಿಸಿ ಇದ್ದಾಗ ಬರೀ ಗಾಳಿಯಿಂದ ಮೈ ತಣ್ಣಗಾಗಲ್ಲ, ಬೆವರೋ ನೀರೋ ಆವಿಯಾಗಲೇಬೇಕು. ನಾಟಿ ಹಸು ಹೇಗೋ ತಡೆದುಕೊಳ್ಳುತ್ತೆ, ಸೀಮೆಹಸುವಿಗೆ ಕಷ್ಟ.

ಹಾಗಾದರೆ ಏನು ಮಾಡಬೇಕು? ಗರ್ಭಕೋಶದ ರಕ್ತನಾಳ ಹಿಗ್ಗಿಸಲು ಮೆಲಟೋನಿನ್, ಆರ್ಜಿನಿನ್ ಅಂತ ಮೇವಿನ ಜೊತೆ ತಿನ್ನಿಸುವ ಪ್ರಯೋಗಗಳು ನಡೆದಿವೆ. ನಡೆಯಲಿ, ಒಳ್ಳೆಯದೇ. ಆದರೆ ಬಿಸಿಲಲ್ಲಿ ಕಟ್ಟಿದ ಹಸುವಿಗೆ ಪುಡಿ ತಿನ್ನಿಸೋದು, ಫ್ಯಾನ್ ನಿಂತುಹೋದ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿದ ಹಾಗೆ. ಮೊದಲು ಮೈ ತಣ್ಣಗಾಗಲಿ. ಮರದ ನೆರಳು, ಶೀಟಿನ ಮೇಲೆ ತೆಂಗಿನಗರಿ, ಯಾವಾಗಲೂ ಸಿಗುವ ಕುಡಿಯುವ ನೀರು, ತಂಪುಹೊತ್ತಿನಲ್ಲಿ ಹೆಚ್ಚು ಮೇವು. ಮೈಮೇಲೆ ನೀರು ಹಾಕಿದರೆ ಗಾಳಿಯೂ ಆಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಬರೀ ನೀರು ಎರಚಿದರೆ ಬೇಯಿಸಿದ ಹಾಗಾಗುತ್ತೆ ಅಷ್ಟೇ.

ಇನ್ನು ಸರ್ಕಾರದ ಲೆಕ್ಕ. ಹಾಲಿನ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 2016ರಲ್ಲಿ 5 ರೂಪಾಯಿ ಆಯ್ತು. ಸಂತೋಷ. ಆದರೆ ಲೀಟರಿನ ಲೆಕ್ಕದಲ್ಲಿ ಬತ್ತಿದ ಹಸುವಿನ ಪಾಲು ಸೊನ್ನೆ. ರೈತನನ್ನು ಬೈದು ಪ್ರಯೋಜನ ಇಲ್ಲ, ದುಡ್ಡು ಬರುವ ಕಡೆಗೇ ಅವನ ಫ್ಯಾನು ತಿರುಗುತ್ತೆ.

ನನ್ನದೊಂದು ಸಣ್ಣ ಸಲಹೆ. ಹಸುಗಳ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕೋದು, ಇಂಜೆಕ್ಷನ್ ಕೊಡಿಸಿದ ತಾರೀಖನ್ನು ಕಂಪ್ಯೂಟರಿಗೆ ಏರಿಸೋದು ಈಗಾಗಲೇ ಇದೆ. ಆ ತಾರೀಖಿಗೆ 220 ಕೂಡಿಸಿ. ಬಂದ ದಿನ ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದರೆ ಮನೆಯವರ ಮೊಬೈಲಿಗೆ ಕನ್ನಡದಲ್ಲಿ ಒಂದು ಮೆಸೇಜು ಹೋಗಲಿ: "ನಿಮ್ಮ ಹಸುವಿಗೆ ಇನ್ನೆರಡು ತಿಂಗಳು ನೆರಳು ಬೇಕು." ಜೊತೆಗೆ ನೆರಳುಬಲೆಗೋ ಫ್ಯಾನಿಗೋ ಸ್ವಲ್ಪ ಸಹಾಯಧನ. ಪ್ರೋಗ್ರಾಂ ಬರೆಯೋದು ಅರ್ಧ ದಿನದ ಕೆಲಸ, ಮನಸ್ಸು ಮಾಡೋದೇ ಕಷ್ಟ.

ಜುಲೈ, ಆಗಸ್ಟಿನಲ್ಲಿ ಗಬ್ಬ ಕಟ್ಟಿದ ಹಸುಗಳ ಕೊನೆಯ ದಿನಗಳು ಸರಿಯಾಗಿ ಬೇಸಿಗೆಗೇ ಬರುತ್ತವೆ. ಊರಲ್ಲಿ ಹಸು ಇರುವವರು ಮುಂದಿನ ಸಲ ಫೋನ್ ಮಾಡಿದಾಗ "ಹಾಲು ಎಷ್ಟು ಕೊಡ್ತಿದೆ?" ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ಬತ್ತಿಸಿದ ಹಸುವನ್ನು ಎಲ್ಲಿ ಕಟ್ಟಿದ್ದೀರಿ?"

ನಿಮ್ಮ ಕಡೆ ಬತ್ತಿದ ಹಸುವನ್ನು ಹೇಗೆ ನೋಡಿಕೊಳ್ತಾರೆ? ಕಾಮೆಂಟಿನಲ್ಲಿ ಬರೆಯಿರಿ. ಜಗಳಕ್ಕೂ ಸ್ವಾಗತ :)