ಇಳಿಸಿದ ಕಾರಿಗೆ ಟೈರ್ ಅಳತೆ ಹೇಳಿದ್ದು ಚಪಾತಿ ಹಿಟ್ಟು

ಹೋದ ತಿಂಗಳು ಶಿಕಾರಿಪುರದಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಸೊರಬದಲ್ಲಿ ಅವನಿಗೆ ಹುಡುಗಿ ನೋಡಿದ್ದಾರೆ. ಮಾತುಕತೆಗೆ ಅಂತ ಅಪ್ಪ, ಅಮ್ಮ, ಅಜ್ಜಿ, ಸೋದರಮಾವ ಎಲ್ಲರನ್ನೂ ಕೂರಿಸಿಕೊಂಡು ಶಿರಾಳಕೊಪ್ಪದ ಮೇಲೆ ಹೊರಟಿದ್ದ.

"ಅಕ್ಕ, ಶಿರಾಳಕೊಪ್ಪ ದಾಟ್ತಿದ್ದಂಗೆ ಹಿಂದಗಡೆಯಿಂದ ಕರ್ ಕರ್ ಅಂತ ಸೌಂಡು. ಅಜ್ಜಿ ಏನೋ ಸುಟ್ಟ ವಾಸನೆ ಅಂದ್ಲು. ಇಳಿದು ನೋಡಿದ್ರೆ ಟೈರಿನ ಪಕ್ಕ ಚಾಕು ಹಾಕಿದಂಗೆ ಕೊಯ್ದುಹೋಗಿತ್ತು, ಒಳಗಿನ ದಾರ ಕಾಣ್ತಿತ್ತು."

ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ಹೋಗಿ ಬಂದರಂತೆ. ಹುಡುಗಿ ಮನೆಯವರ ಮುಂದೆ ಒಂದೂವರೆ ಗಂಟೆ ಲೇಟು. ಅದಕ್ಕಿಂತ ನನ್ನ ಎದೆ ಝಲ್ ಅಂದಿದ್ದು ಬೇರೆ ಕಾರಣಕ್ಕೆ: ಆ ಟೈರು ಇನ್ನು ಹತ್ತು ಕಿಲೋಮೀಟರ್ ಓಡಿದ್ದರೆ ಅಲ್ಲೇ ಒಡೆಯುತ್ತಿತ್ತು. ಒಳಗೆ ಐದು ಜನ.

ಕಾರು 2018ರ ಮಾದರಿಯ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಸ್ಪ್ರಿಂಗ್ ಬದಲಾಯಿಸಿ ಗಾಡಿ ಇಳಿಸಿ, 7 ಇಂಚು ಅಗಲದ ಅಲಾಯ್ ಹಾಕಿ, ಅದರ ಮೇಲೆ 205/60 ಆರ್15 ಟೈರ್ ತೊಡಿಸಿದ್ದರು. ನಮ್ಮವನಿಗೆ ಆ ಲುಕ್ಕೇ ಇಷ್ಟವಾಗಿದ್ದು. ಸುಳ್ಳು ಯಾಕೆ, ನಂಗೂ ಇಷ್ಟವಾಗಿತ್ತು.

ಟೈರ್ ಅಂಗಡಿಯವರು ಒಂದೇ ಮಾತಲ್ಲಿ ಪರಿಹಾರ ಹೇಳಿದ್ದರು. "195/50 ಹಾಕ್ಸಿ, ಸ್ಟಾಕ್ ಇದೆ. ಟೈರ್ ಚಿಕ್ಕದಾದ್ರೆ ಉಜ್ಜೋದೇ ಇಲ್ಲ, ಗಾಡಿ ಇನ್ನೂ ಲೋ ಕಾಣುತ್ತೆ." ನಾಲ್ಕು ಟೈರಿಗೆ ರೇಟೂ ಮಾತಾಡಿಯಾಗಿತ್ತು. "ಹಾಕಿಸಿಬಿಡ್ಲಾ ಅಕ್ಕ?" ಅಂದ. ಶನಿವಾರ ನಾನು ಬರೋವರೆಗೆ ಗಾಡಿ ಮುಟ್ಟಬೇಡ ಅಂದೆ. ಬೆಂಗಳೂರಲ್ಲಿ ನನ್ನ ಕೆಲಸ ಕಾರಿನ ಬಿಡಿಭಾಗ ಟೆಸ್ಟ್ ಮಾಡೋದು. ಮನೆಯಲ್ಲಿ ಆ ಕೆಲಸಕ್ಕೆ ಬೆಲೆ ಬಂದಿದ್ದು ಅವತ್ತೇ ಮೊದಲು.

ಟೈರಿನ ಮೇಲಿನ ಅಂಕಿ ಓದೋದು ಕಷ್ಟವೇನಲ್ಲ. 185/65 ಆರ್15 ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ಅಂದರೆ 120 ಮಿ.ಮೀ., ಒಳಗಿನ ರಿಮ್ 15 ಇಂಚು. ಗೋಡೆ ಮೇಲೊಂದು ಕೆಳಗೊಂದು, ನಡುವೆ ರಿಮ್ 381 ಮಿ.ಮೀ.; ಕೂಡಿದರೆ ಚಕ್ರದ ಒಟ್ಟು ಎತ್ತರ ಸುಮಾರು 621. ಈಗ ಅದೇ ಸ್ವಿಫ್ಟ್‌ನ ಕೆಳಗಿನ ವೇರಿಯಂಟಿಗೆ ಕಂಪನಿ ಕೊಡುವ 165/80 ಆರ್14 ಲೆಕ್ಕ ಹಾಕಿ ನೋಡಿ. 620 ಬರುತ್ತೆ. ರಿಮ್ ಬೇರೆ, ಅಗಲ ಬೇರೆ, ಎತ್ತರ ಮಾತ್ರ ಒಂದೇ. ಸ್ಪೀಡೋಮೀಟರ್, ಗೇರು, ಎಬಿಎಸ್ ಎಲ್ಲಾ ಆ ಎತ್ತರವನ್ನೇ ನಂಬಿಕೊಂಡು ಕೂತಿರುತ್ತವೆ. ಟೈರ್ ಬದಲಿಸುವಾಗ ಈ ಎತ್ತರ ಶೇ. 3ಕ್ಕಿಂತ ಆಚೀಚೆ ಹೋಗಬಾರದು ಅನ್ನೋದು ಈ ಕಸುಬಿನವರ ಸಾಮಾನ್ಯ ಲೆಕ್ಕ.

ಅಂಗಡಿಯವರು ಹೇಳಿದ 195/50 ಆರ್15ರ ಎತ್ತರ 576. ಶೇ. 7ಕ್ಕಿಂತ ಜಾಸ್ತಿ ಕಮ್ಮಿ. ಮೀಟರ್ 80 ತೋರಿಸುವಾಗ ಗಾಡಿ ಓಡುತ್ತಿರೋದು ಸುಮಾರು 74. ಅದು ಹಾಳಾಗಿ ಹೋಗಲಿ, ಗಾಡಿ ನೆಲಕ್ಕೆ ಇನ್ನೂ 22 ಮಿ.ಮೀ. ಇಳಿಯುತ್ತೆ. ಈ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ ಕಂಪನಿ ಲೆಕ್ಕದಲ್ಲಿ 163 ಮಿ.ಮೀ. ನಮ್ಮವನ ಗಾಡಿ ಆಗಲೇ 40 ಇಳಿದಿತ್ತು. (ಎಷ್ಟು ಇಳಿದಿದೆ ಅಂತ ನೋಡೋಕೆ ನೆಲದಿಂದ ಅಳೆಯಬೇಡಿ, ಟೈರ್ ಬದಲಾದರೆ ಅದೂ ಬದಲಾಗುತ್ತೆ. ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು, ಇಳಿಸದ ಅದೇ ಮಾದರಿಯ ಕಾರಿನ ಜೊತೆ ಹೋಲಿಸಿ. ನಾವು ಪಕ್ಕದ ಮನೆ ಮೇಷ್ಟ್ರ ಕಾರು ಅಳೆದೆವು.) 163ರಲ್ಲಿ 40, ಆಮೇಲೆ 22 ಕಳೆದರೆ ಉಳಿಯೋದು 101. ಅದೂ ಗಾಡಿ ಖಾಲಿ ಇದ್ದಾಗ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ರಸ್ತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಿಜ ಹೇಳಬೇಕಂದ್ರೆ ಅಂಥ ಹಂಪ್ ನಮ್ಮ ಗಾಡಿಗೆ ಶತ್ರುವಲ್ಲ. ಅದು ಎಷ್ಟು ಅಗಲ ಅಂದರೆ ಮುಂದಿನ ಹಿಂದಿನ ಎರಡೂ ಚಕ್ರ ಅದರ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಉಬ್ಬೋದು ನಾಲ್ಕೂವರೆ ಸೆಂ.ಮೀ. ಅಷ್ಟೇ. ಶತ್ರು ಅಂದರೆ ಊರಿನ ಬಾಯಲ್ಲಿ ರಾತ್ರೋರಾತ್ರಿ ಎದ್ದ ಗುಡ್ಡೆ ಹಂಪು. ಅದು ಎರಡು ಚಕ್ರದ ನಡುವೆ ಪೂರ್ತಿ ಬಂದು ಕೂರುತ್ತೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗಿ ಬಂದವರಿಗೆ ಅದನ್ನ ವಿವರಿಸೋದು ಬೇಡ.

ಟೈರ್ ಮೇಲೆ ಅಳತೆ ಆದಮೇಲೆ ಇನ್ನೊಂದು ಅಂಕಿ ಇರುತ್ತೆ, ಲೋಡ್ ಇಂಡೆಕ್ಸ್. 185/65 ಆರ್15ಕ್ಕೆ ಸಾಮಾನ್ಯವಾಗಿ 88, ಅಂದರೆ ಒಂದು ಟೈರ್ ಹೊರುವ ಭಾರ 560 ಕೆ.ಜಿ. 195/50 ಆರ್15ಕ್ಕೆ 82, ಅಂದರೆ 475 ಕೆ.ಜಿ. ನಾಲ್ಕು ಕೂಡಿದರೆ ಸಾಕಲ್ಲ ಅನ್ನಿಸಬಹುದು. ಆದರೆ ಐದು ಜನ, ಡಿಕ್ಕಿಯಲ್ಲಿ ಎರಡು ಚೀಲ, ಜೋರು ಬ್ರೇಕು, ಅದರ ಮೇಲೊಂದು ಗುಂಡಿ ಬಂದಾಗ ಭಾರ ನಾಲ್ಕೂ ಟೈರಿಗೆ ಸಮನಾಗಿ ಹಂಚಿಹೋಗೋದಿಲ್ಲ. ಕಂಪನಿ ಇಟ್ಟ ಅಂಕಿಗಿಂತ ಕೆಳಗೆ ನಾನಂತೂ ಇಳಿಯೋದಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ತಮ್ಮನ ಪ್ರಶ್ನೆ ಹಾಗೇ ಇತ್ತು. "ಸರಿ, ಉಜ್ಜೋದಕ್ಕೆ ಏನ್ ಮಾಡಾದು?"

ಉತ್ತರ ಅವನ ಗಾಡಿಯಲ್ಲೇ ಇತ್ತು. ಸೊರಬಕ್ಕೆ ಹೋಗಿ ಬಂದಾಗ ಸ್ಟೆಪ್ನಿ ಹಾಕಿದ್ದರಲ್ಲ, ಅದು 165/80 ಆರ್14, ಕಂಪನಿಯ ಕಬ್ಬಿಣದ ರಿಮ್. ಅದೇ ಐದು ಜನ, ಅದೇ ದಾರಿ, ಅದು ಉಜ್ಜಲೇ ಇಲ್ಲ. ಅದರ ಎತ್ತರ 620, ಕೊಯ್ದುಹೋದ ಟೈರಿನದ್ದು 627. ಏಳು ಮಿ.ಮೀ. ವ್ಯತ್ಯಾಸಕ್ಕೆ ಈ ಗತಿ ಬರೋದಿಲ್ಲ. ತಪ್ಪು ಎತ್ತರದ್ದಲ್ಲ, ಅಗಲದ್ದು. 7 ಇಂಚಿನ ಅಲಾಯ್‌ನ ಆಫ್‌ಸೆಟ್ ಕಮ್ಮಿ ಇತ್ತು; ಅಂದರೆ ಚಕ್ರ ಹೊರಗಡೆಗೆ ಚಾಚಿಕೊಂಡಿತ್ತು. ಹಿಂದೆ ಮೂರು ಜನ ಕೂತು ಗಾಡಿ ಕುಸಿದಾಗ ಫೆಂಡರಿನ ಮಡಿಚಿದ ಅಂಚು ನೇರ ಟೈರಿನ ಮೇಲೆ ಕೂತಿದೆ. ಟೈರ್ ಗಿಡ್ಡ ಮಾಡಿದ್ದರೆ ಉಜ್ಜೋದು ಕಮ್ಮಿಯಾಗುತ್ತಿತ್ತೋ ಏನೋ, ಹೊಟ್ಟೆ ಮಾತ್ರ ಹಂಪಿಗೆ ಬಡಿಯುತ್ತಿತ್ತು.

ಹಾಗಂತ ಆ ಅಲಾಯ್ ಮೇಲೇ 185 ಹಾಕೋಕೂ ಆಗಲ್ಲ. 185/65ಕ್ಕೆ ರಿಮ್ 6.5 ಇಂಚಿನವರೆಗೆ ಮಾತ್ರ. ಅಗಲದ ರಿಮ್ ಮೇಲೆ ಎಳೆದು ಕೂರಿಸೋ ಫ್ಯಾಷನ್ ಇದೆ, ಗೊತ್ತು. ಫೋಟೋಕ್ಕೆ ಚೆನ್ನ. 17 ಇಂಚಿನ ಆಸೆಯೂ ಅವನಿಗಿತ್ತು: 205/45 ಆರ್17ರ ಎತ್ತರ 616, ಲೆಕ್ಕಕ್ಕೆ ಸರಿ. ಆದರೆ ಪಕ್ಕದ ಗೋಡೆ 120ರಿಂದ 92ಕ್ಕೆ ಇಳಿಯುತ್ತೆ. ಆರಿದ್ರಾ ಮಳೆಯಲ್ಲಿ ನೀರು ತುಂಬಿ ಮುಚ್ಚಿದ ಗುಂಡಿಗೆ ಬಿದ್ದರೆ ಏಟು ನೇರ ರಿಮ್ಮಿಗೆ. ಹಗುರ ಕಾರಿಗೆ ಅಗಲ ಟೈರ್ ಹಾಕಿದರೆ ನಿಂತ ನೀರಿನ ಮೇಲೆ ಬೇಗ ತೇಲುತ್ತೆ ಅನ್ನೋದು ಬೇರೆ.

ಕೊನೆಗೆ ಅಲಾಯ್ ಮಾರಿದ. ಮೇಲಿನ ವೇರಿಯಂಟಿನ ಕಂಪನಿ ರಿಮ್ ತಂದು, 185/65 ಆರ್15, 88 ಲೋಡ್ ಇಂಡೆಕ್ಸಿನ ಟೈರ್ ಹಾಕಿಸಿದೆವು. ಪಕ್ಕದಲ್ಲಿ ಅಚ್ಚಾಗಿರೋ ಕೊನೆಯ ನಾಲ್ಕಂಕಿ ನೋಡೇ ಕೊಂಡಿದ್ದು. ಮೊದಲೆರಡು ತಯಾರಾದ ವಾರ, ಆಮೇಲಿನೆರಡು ವರ್ಷ. ಅಂಗಡಿಯವರು ಬೆಲೆ ಹೇಳುವಾಗೆಲ್ಲಾ ನನ್ನ ಬಿಟ್ಟು ತಮ್ಮನ ಮುಖ ನೋಡಿಯೇ ಹೇಳಿದರು. ಇರಲಿ.

ಆಮೇಲೆ ಪರೀಕ್ಷೆ. ಅಂಗಡಿಯಲ್ಲಿ ಖಾಲಿ ಗಾಡಿ ಎತ್ತಿ ಇಳಿಸಿ "ಎರಡು ಬೆರಳು ಗ್ಯಾಪ್ ಇದೆ" ಅನ್ನೋ ಮಾತಿಗೆ ಬೆಲೆಯಿಲ್ಲ. ಚಿಕ್ಕಮ್ಮನ ಹತ್ರ ಚಪಾತಿ ಹಿಟ್ಟು ಕೇಳಿದೆ. "ತಿನ್ನೋಕಾ, ಗಾಡಿಗೆ ಮೆತ್ತೋಕಾ?" ಅಂತ ಗೊಣಗಿ ಒಂದು ಉಂಡೆ ಕೊಟ್ಟಳು. ನಾಲ್ಕೂ ಫೆಂಡರಿನ ಅಂಚಿನ ಒಳಗಡೆ ಹೆಬ್ಬೆರಳು ದಪ್ಪ ಮೆತ್ತಿ, ಮನೆಯವರನ್ನೆಲ್ಲಾ ಕೂರಿಸಿ, ಹಂಪ್ ದಾಟಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ವಾಪಸ್ ಬಂದೆವು. ಮುಂದಿನದು ಹಾಗೇ ಇತ್ತು. ಹಿಂದಿನದು ಎರಡು ಮಿ.ಮೀ. ದೋಸೆ. ಸ್ಟೆಪ್ನಿಗಿಂತ ಈ ಟೈರು ಅಗಲ, ಅದಕ್ಕೇ.

"ಉಜ್ಜಿಲ್ಲವಲ್ಲ ಅಕ್ಕ, ಸಾಕು ಬಿಡು" ಅಂದ. ಎರಡು ಮಿ.ಮೀ. ಇವತ್ತಿನದು. ಸ್ಪ್ರಿಂಗ್ ಹಳತಾಗಿ ಕುಸಿಯುತ್ತೆ, ಮದುವೆಯಾದ ಮೇಲೆ ಡಿಕ್ಕಿಯ ಭಾರವೂ ಏರುತ್ತೆ. ಟೈರಿಗೆ ಜಾಗ ಸಾಲದಿದ್ದರೆ ಟೈರ್ ಕುಗ್ಗಿಸಬಾರದು, ಗಾಡಿ ಎತ್ತಬೇಕು. ಇದರ ಮೇಲೆ ನಮಗಿಬ್ಬರಿಗೂ ಸಣ್ಣ ಜಗಳವೇ ಆಯ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣದಲ್ಲಿ ಹೇಳಿದ್ದು, ಎಲ್ಲಾ ಹೇಳಿದೆ. ಅವನು ಅಲ್ಲಾಡಲಿಲ್ಲ. ಅಜ್ಜಿ ಮಾತ್ರ ಒಂದು ಮಾತಂದ್ಲು: "ಹೋದ್ಸಲ ಆ ವಾಸನೆ ಬಂದಾಗ ಆ ಚಕ್ರದ ಮೇಲೆ ಕೂತಿದ್ದು ನಾನು ಕಣೋ." ಸೋಮವಾರ ನಾಲ್ಕಕ್ಕೂ ಕಂಪನಿ ಸ್ಪ್ರಿಂಗ್ ಬಿತ್ತು, ಅಲೈನ್‌ಮೆಂಟೂ ಆಯ್ತು.

ಮೊನ್ನೆ ನಿಶ್ಚಿತಾರ್ಥಕ್ಕೆ ಸೊರಬಕ್ಕೆ ಹೋಗಿದ್ದರು. ರಾತ್ರಿ ಫೋನ್ ಬಂತು.

"ಅಕ್ಕ, ಎರಡನೇ ಸಲ ಮೆತ್ತಿದ ಹಿಟ್ಟು ತೆಗೆಯೋಕೆ ಮರ್ತುಹೋಗಿತ್ತು. ಗಾಡಿ ನೋಡೋಕೆ ಬಂದೋಳು, ಇದೇನ್ರೀ ಚಕ್ರದ ಮೇಲೆ ಚಪಾತಿ ಅಂದ್ಲು."

"ಹಿಟ್ಟು ಹೆಂಗಿತ್ತು?"

"ಒಣಗಿ ಕಲ್ಲಾಗೈತೆ. ಆದ್ರೆ ಹೆಬ್ಬೆರಳು ದಪ್ಪ ಹಂಗೇ ಐತಕ್ಕ."