ಮೋಲ್ಡ್ ಹಾಕುವ ಮುನ್ನ ಖಾಲಿ ಪೈಪು ಎಳೆಸಿ

ಪರಿಚಯದವರು ಮನೆ ಕಟ್ಟಿಸುತ್ತಿದ್ದಾರೆಂದು ತಿಳಿದರೆ ನಾನು ಹೇಳುವುದು ಒಂದೇ ಮಾತು: ಗೃಹಪ್ರವೇಶಕ್ಕೆ ಕರೆಯುವುದು ಮರೆತರೂ ಪರವಾಗಿಲ್ಲ, ಮೋಲ್ಡ್ ಹಾಕುವುದಕ್ಕೆ ಎರಡು ದಿನ ಮುಂಚೆ ಕರೆಯಿರಿ. ಕಂಬಿ ಕಟ್ಟಿ ಮುಗಿದಿರಬೇಕು, ಕಾಂಕ್ರೀಟು ಬಿದ್ದಿರಬಾರದು. ಆ ಹೊತ್ತಿನಲ್ಲಿ ಕೆಲವೇ ಸಾವಿರ ರೂಪಾಯಿಗೆ ಮುಗಿಯುವ ಕೆಲಸ, ಕಾಂಕ್ರೀಟು ಗಟ್ಟಿಯಾದ ಮೇಲೆ ಎಷ್ಟು ಹಣ ಸುರಿದರೂ ಸರಿಯಾಗಿ ಆಗುವುದಿಲ್ಲ.

ನಾನು ಟೆಲಿಫೋನ್ ಇಲಾಖೆ ಸೇರಿದವನು. 2000ದ ಅಕ್ಟೋಬರಿನಲ್ಲಿ ಇಲಾಖೆ ಬಿಎಸ್‌ಎನ್‌ಎಲ್ ಆಯಿತು. 2020ರ ಜನವರಿ ಕೊನೆಯಲ್ಲಿ ದೇಶದಾದ್ಯಂತ ಸುಮಾರು 78 ಸಾವಿರ ನೌಕರರು ಸ್ವಯಂನಿವೃತ್ತಿ ಪಡೆದು ಹೊರಬಂದರಲ್ಲ, ಅವರಲ್ಲಿ ನಾನೂ ಒಬ್ಬ. ಸೇವೆಯ ಬಹುಪಾಲು ಕಳೆದದ್ದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ. ಆ ವರ್ಷಗಳಲ್ಲಿ ಮನೆಯೊಳಗೆ ತಂತಿ ಹೇಗೆ ಬಂತು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಟೆಲಿಫೋನಿನ ಜೋಡಿ ತಂತಿ ಬಂತು. ಬಾಗಿಲ ಚೌಕಟ್ಟಿಗೆ ತೂತು ಕೊರೆದು, ಗೋಡೆಯ ಬುಡದಲ್ಲಿ ಕ್ಲಿಪ್ ಹೊಡೆದು ಜಗುಲಿಯಿಂದ ನಡುಮನೆಗೆ ಒಯ್ದೆವು. ಆಮೇಲೆ ಕೇಬಲ್ ಟಿವಿಯವರು ವೆಂಟಿಲೇಟರಿನಿಂದ ಕಪ್ಪು ಕೇಬಲ್ ಇಳಿಸಿದರು. ಡಿಶ್ ಬಂದಾಗ ತಾರಸಿಯಿಂದ ಇನ್ನೊಂದು ಕೇಬಲ್ ಬಂತು. ಈಗ ಫೈಬರ್ ಬಂದಿದೆ, ಅದು ಕಿಟಕಿಯ ಸಂದಿಯಿಂದ ಒಳಗೆ ನುಗ್ಗುತ್ತದೆ. ಆ ಕಿಟಕಿ ಮತ್ತೆ ಪೂರ್ತಿ ಮುಚ್ಚುವುದಿಲ್ಲ, ಮಳೆಗಾಲದಲ್ಲಿ ಕೇಬಲಿನ ಗುಂಟ ನೀರು ಒಳಗಿಳಿಯುತ್ತದೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ತಂತಿಯ ಜಾತಿಯೇ ಬದಲಾಯಿತು. ಮುಂದೆಯೂ ಬದಲಾಗುತ್ತದೆ. ಆದರೆ ಗೋಡೆಯೊಳಗೆ ಒಂದು ಅಗಲದ ಪೈಪು ಇದ್ದಿದ್ದರೆ ಈ ನಾಲ್ಕೂ ಅದರೊಳಗೇ ಹೋಗುತ್ತಿದ್ದವು.

ಹೀಗಾಗಿ ನನ್ನ ವಾದ ತಂತಿಯ ಬಗ್ಗೆ ಅಲ್ಲ, ಪೈಪಿನ ಬಗ್ಗೆ. ಮನೆ ಕಟ್ಟುವಾಗ ಯಾವ ಕೇಬಲ್ ಒಳ್ಳೆಯದು ಎಂದು ತಲೆ ಕೆಡಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಖಾಲಿ ಪೈಪು ಎಲ್ಲೆಲ್ಲಿ ಹೋಗಬೇಕು ಎಂದು ಕೇಳುವವರು ಅಪರೂಪ.

ಯಾಕೆ ಹೀಗೆ? ಕಾರಣ ಕೂಲಿಯ ಲೆಕ್ಕದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಡೆ ಎಲೆಕ್ಟ್ರಿಷಿಯನ್ ಕೆಲಸ ಹಿಡಿಯುವುದು ಒಂದೋ ಚದರಕ್ಕೆ ಇಷ್ಟು ಎಂದು, ಇಲ್ಲವೇ ಪಾಯಿಂಟಿಗೆ ಇಷ್ಟು ಎಂದು. ಲೈಟು, ಫ್ಯಾನು, ಪ್ಲಗ್ಗು, ಗೀಸರು ಎಲ್ಲವೂ ಪಾಯಿಂಟು. ಟಿವಿಗೆ ಒಂದು ಪಾಯಿಂಟು ಸಿಗುತ್ತದೆ. ಮಹಡಿಯ ಮಧ್ಯದಿಂದ ಮೆಟ್ಟಿಲ ಹತ್ತಿರದ ಬೀರುವಿಗೆ ಹೋಗುವ ಖಾಲಿ ಪೈಪು ಯಾವ ಪಾಯಿಂಟೂ ಅಲ್ಲ. ಅದಕ್ಕೆ ಕೂಲಿ ಇಲ್ಲ, ಅದನ್ನು ಹಾಕಿ ಎಂದು ಹೇಳಲು ನಕ್ಷೆಯಲ್ಲಿ ಗೆರೆಯಿಲ್ಲ. ಎಂಜಿನಿಯರ್ ಕೊಡುವ ಹಾಳೆಗಳಲ್ಲಿ ಕಂಬಿಯ ನಕ್ಷೆ ಇರುತ್ತದೆ, ನಲ್ಲಿಯ ನಕ್ಷೆ ಇರುತ್ತದೆ, ಕರೆಂಟಿನದ್ದು ಕೆಲವೊಮ್ಮೆ ಇರುತ್ತದೆ. ಸಣ್ಣ ವೋಲ್ಟೇಜಿನ ತಂತಿಗಳಿಗೆಂದು ಬೇರೆ ಹಾಳೆ ಇಟ್ಟುಕೊಂಡ ಮನೆಯನ್ನು ನಾನು ಕಂಡದ್ದು ತೀರಾ ಕಡಿಮೆ. ಮೆಸ್ಕಾಂ ಕರೆಂಟು ಕೊಡಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕು. ಇಂಟರ್ನೆಟ್, ಕ್ಯಾಮೆರಾ, ಕರೆಗಂಟೆಯ ತಂತಿಗೆ ಯಾರ ಸಹಿಯೂ ಬೇಡ. ಯಾರದ್ದೂ ಅಲ್ಲದ ಕೆಲಸ ಯಾರಿಂದಲೂ ಆಗುವುದಿಲ್ಲ. ಇದಕ್ಕೆ ಎಲೆಕ್ಟ್ರಿಷಿಯನ್ನನ್ನು ದೂರುವುದು ನ್ಯಾಯವಲ್ಲ. ಮಾಡಿದ ಕೆಲಸಕ್ಕೆ ದುಡ್ಡು ಸಿಗದಿದ್ದರೆ ಯಾರು ತಾನೇ ಮಾಡುತ್ತಾರೆ?

‘ಈಗೆಲ್ಲಾ ವೈ-ಫೈ ಅಲ್ವಾ, ತಂತಿ ಯಾಕೆ?’ ಇದು ಪ್ರತಿ ಮನೆಯಲ್ಲೂ ಕೇಳುವ ಮಾತು. ವೈ-ಫೈ ಪೆಟ್ಟಿಗೆಗೂ ತಂತಿಯ ಮೂಲಕವೇ ಇಂಟರ್ನೆಟ್ ಬರಬೇಕು. ಅದು ಮನೆಯ ಯಾವ ಮೂಲೆಯಲ್ಲಿ ಕೂರುತ್ತದೆ ಎಂಬುದನ್ನು ಈಗ ನಿರ್ಧರಿಸುವವರು ಫೈಬರ್ ಎಳೆಯಲು ಬಂದ ಹುಡುಗರು. ಅವರಿಗೆ ಹತ್ತಿರವಾದ ಕಿಟಕಿಯ ಪಕ್ಕದಲ್ಲೇ ಅದು ಕೂರುತ್ತದೆ. ನಮ್ಮ ಕಡೆಯ ಜಂಬಿಟ್ಟಿಗೆ ಗೋಡೆ ಎಂಟೊಂಬತ್ತು ಇಂಚು ದಪ್ಪ. ನಡುವೆ ಕಂಬಿ ತುಂಬಿದ ಐದು ಇಂಚಿನ ತಾರಸಿ. ವೇಗ ಹೆಚ್ಚು ಕೊಡುವ 5 ಗಿಗಾಹರ್ಟ್ಸ್ ಅಲೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ದೂರ ಹೋಗುವ 2.4 ಗಿಗಾಹರ್ಟ್ಸ್ ಅಲೆಯಲ್ಲಿ ವೇಗ ಕಡಿಮೆ, ಅಕ್ಕಪಕ್ಕದ ಮನೆಯವರ ಗದ್ದಲ ಜಾಸ್ತಿ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತದ್ದನ್ನು ಎಲ್ಲರೂ ನೋಡಿದ್ದೇವೆ. ಈಗ ಊರಿಗೆ ಫೈಬರ್ ಬಂದರೂ ಮಹಡಿಯ ಕೋಣೆಯಿಂದ ಕೆಲಸ ಮಾಡುವ ಮಗಳು ಮೀಟಿಂಗ್ ಇದ್ದಾಗ ಲ್ಯಾಪ್‌ಟಾಪ್ ಹಿಡಿದು ಹಾಲಿಗೆ ಇಳಿದು ಬರುತ್ತಾಳೆ ಎಂದರೆ ಅದು ಬಹಳ ಬೇಸರದ ಸಂಗತಿ. ಪ್ರತಿ ಅಂತಸ್ತಿನ ನಡುಮಧ್ಯದ ತಾರಸಿಗೆ ಒಂದು ಪೈಪು ಮುಟ್ಟಿಸಿಟ್ಟರೆ ಅಲ್ಲೊಂದು ವೈ-ಫೈ ಪೆಟ್ಟಿಗೆ ಕೂರಿಸಬಹುದು. ಅದಕ್ಕೆ ಕರೆಂಟೂ ಅದೇ ಇಂಟರ್ನೆಟ್ ಕೇಬಲಿನಲ್ಲಿ ಹೋಗುತ್ತದೆ, ಬೇರೆ ಪ್ಲಗ್ ಬೇಕಿಲ್ಲ. ಪಿಒಇ ಎಂದು ಕರೆಯುವ ಈ ಪದ್ಧತಿಯ ಮೊದಲ ಮಾನದಂಡ ಬಂದದ್ದು 2003ರಲ್ಲಿ, 15.4 ವಾಟಿಗೆ, 2018ರ ಮಾನದಂಡದಲ್ಲಿ ಅದು 90 ವಾಟಿನವರೆಗೆ ಏರಿದೆ. ಹಳೆಯ ಟೆಲಿಫೋನಿಗೂ ನಾವು ಎಕ್ಸ್‌ಚೇಂಜಿನಿಂದ 48 ವೋಲ್ಟನ್ನು ಮಾತಿನ ತಂತಿಯಲ್ಲೇ ಕಳಿಸುತ್ತಿದ್ದೆವು. ಊರಿಗೆ ಊರೇ ಕತ್ತಲಾದರೂ ಫೋನು ಮಾತಾಡುತ್ತಿತ್ತು.

ಎಲ್ಲ ಪೈಪುಗಳೂ ಒಂದೇ ಕಡೆ ಬಂದು ಸೇರಬೇಕು. ಯುಪಿಎಸ್ ಹತ್ತಿರದ ಒಂದು ಗೋಡೆಬೀರು ಸಾಕು, ಆದರೆ ಬ್ಯಾಟರಿಯ ನೇರ ಮೇಲೆ ಬೇಡ. ಆಸಿಡ್ ಹವೆಗೆ ತಾಮ್ರ ಹಸಿರುಗಟ್ಟುತ್ತದೆ. ಗಾಳಿಯಾಡುವಂತಿರಲಿ, ಯುಪಿಎಸ್ ಲೈನಿನಿಂದ ಎರಡು ಪ್ಲಗ್ ಇರಲಿ. ರೂಟರಿಗೆ ಬೇಕಾದದ್ದು 12 ವೋಲ್ಟು, ಬಲ್ಬಿಗಿಂತ ಸ್ವಲ್ಪ ಹೆಚ್ಚು ಕರೆಂಟು ಅಷ್ಟೇ. ಯುಪಿಎಸ್ ಇದ್ದೂ ಕರೆಂಟು ಹೋದ ಕೂಡಲೇ ಇಂಟರ್ನೆಟ್ ಹೋಗುವ ಮನೆಗಳು ಎಷ್ಟೋ ಇವೆ, ಬರೀ ಆ ಒಂದು ಪ್ಲಗ್ ಮರೆತದ್ದರಿಂದ.

ಆ ಬೀರುವಿನಿಂದ ರಸ್ತೆ ಕಡೆಯ ಗೋಡೆಗೆ ಒಂದು, ತಾರಸಿಗೆ ಒಂದು, ಪ್ರತಿ ಮಲಗುವ ಕೋಣೆಗೆ ಒಂದೊಂದು, ಮನೆಯ ನಾಲ್ಕು ಮೂಲೆಯ ಸಜ್ಜಾದ ಅಡಿಗೆ ಕ್ಯಾಮೆರಾಕ್ಕೆಂದು, ಗೇಟಿನ ಕಂಬಕ್ಕೆ ಕರೆಗಂಟೆಗೆಂದು. ಇವಕ್ಕೆಲ್ಲ 25 ಮಿಲಿಮೀಟರ್ ಪೈಪು ಸಾಕು, ರಸ್ತೆ ಕಡೆಯದ್ದು 32 ಇದ್ದರೆ ಒಳ್ಳೆಯದು. ಟಿವಿಯಿಂದ ಕೆಳಗಿನ ಸ್ಟ್ಯಾಂಡಿಗೆ ಮಾತ್ರ 50 ಮಿಲಿಮೀಟರ್ ಬೇಕೇ ಬೇಕು. ಎಚ್‌ಡಿಎಂಐ ಕೇಬಲಿನ ತಲೆ ಸಣ್ಣ ಪೈಪಿನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ತಲೆ ಕತ್ತರಿಸಿ ಮತ್ತೆ ಜೋಡಿಸುವ ಕೇಬಲ್ ಅದಲ್ಲ.

ಇನ್ನೆರಡು ಪೈಪುಗಳ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಒಂದು, ತಾರಸಿಯ ಟ್ಯಾಂಕಿನಿಂದ ಮೋಟಾರಿನ ಸ್ವಿಚ್ಚಿಗೆ, ಅಲ್ಲಿಂದ ಸಂಪಿಗೆ. ಟ್ಯಾಂಕು ತುಂಬಿತೇ ಎಂದು ನೋಡಲು ಎಪ್ಪತ್ತು ದಾಟಿದ ಅಮ್ಮಂದಿರು ಪಾಚಿಗಟ್ಟಿದ ಮೆಟ್ಟಿಲು ಹತ್ತುವುದು ನಮ್ಮ ಊರುಗಳಲ್ಲಿ ದಿನನಿತ್ಯದ ದೃಶ್ಯ. ಸಂಪು ಬರಿದಾದರೂ ಮೋಟಾರು ಓಡುತ್ತಲೇ ಇದ್ದು ಸುಟ್ಟುಹೋಗುವುದೂ ಹಾಗೆಯೇ. ಎರಡಕ್ಕೂ ಸೆನ್ಸರ್ ಇದೆ, ದುಬಾರಿಯಲ್ಲ. ತಂತಿ ಹೋಗಲು ದಾರಿ ಇರುವುದಿಲ್ಲ. ಇನ್ನೊಂದು, ಹಿರಿಯರು ಬಳಸುವ ಬಚ್ಚಲುಮನೆಯಿಂದ ನಡುಮನೆಗೆ. ಬಿದ್ದವರು ನೆಲದಲ್ಲೇ ಕೂತು ಎಳೆಯುವಂತೆ ಒಂದು ಹಗ್ಗದ ಸ್ವಿಚ್ಚು, ಹೊರಗೊಂದು ಗಂಟೆ. ಬ್ಯಾಟರಿಯ ಸಣ್ಣ ವೋಲ್ಟೇಜಿನಲ್ಲಿ ನಡೆಯುವುದರಿಂದ ಒದ್ದೆ ಕೈಗೆ ಭಯವಿಲ್ಲ. ಬಚ್ಚಲಲ್ಲಿ ಬಿದ್ದು ಗಂಟೆಗಟ್ಟಲೆ ಯಾರಿಗೂ ಗೊತ್ತಾಗದೇ ಇದ್ದವರನ್ನು ನಾನು ಬಲ್ಲೆ. ಗ್ರಾನೈಟಿನ ಬಣ್ಣ ಆರಿಸಲು ವಾರಗಟ್ಟಲೆ ಅಂಗಡಿ ಸುತ್ತುವ ನಾವು ಈ ಒಂದು ಪೈಪಿಗೆ ಅರ್ಧ ಗಂಟೆ ಯೋಚಿಸಬೇಡವೇ? ಒಂದು ಚದರಡಿ ಒಳ್ಳೆಯ ಗ್ರಾನೈಟಿನ ಬೆಲೆಯೊಳಗೆ ಮೂರು ಮೀಟರಿನ ಪೈಪು ಬರುತ್ತದೆ.

230 ವೋಲ್ಟಿನ ತಂತಿ ಹೋಗುವ ಪೈಪಿನಲ್ಲಿ ಈ ಸಣ್ಣ ವೋಲ್ಟೇಜಿನ ತಂತಿಗಳನ್ನು ಸೇರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ‘ಜಾಗ ಇದೆ, ಇದರಲ್ಲೇ ತೂರಿಸೋಣ’ ಎಂದು ಕೆಲಸದವರು ಹೇಳುತ್ತಾರೆ. ಒಳಗೆ ಎಲ್ಲೋ ತಂತಿಯ ಮೈ ಸುಲಿದರೆ ಮನೆಯ ಕರೆಂಟು ಕ್ಯಾಮೆರಾ ಕೇಬಲಿಗೆ ಇಳಿದು ಮಗು ಹಿಡಿದ ಯಂತ್ರದವರೆಗೂ ಬರಬಹುದು. ಪೈಪು ಬೇರೆ, ಬಾಕ್ಸು ಬೇರೆ, ನಡುವೆ ಒಂದಡಿ ದೂರ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಓಡಬಾರದು.

ಮಲೆನಾಡಿನವರಿಗೆ ಸಿಡಿಲಿನ ಮಾತು ಹೇಳದೆ ಮುಗಿಸುವಂತಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಮೋಡೆಮ್ಮಿನ ಪಿನ್ ಕೀಳುವುದು ನಮ್ಮಲ್ಲಿ ಮಕ್ಕಳಿಗೂ ರೂಢಿ. ಹೊರಗಿನಿಂದ ಬರುವ ತಾಮ್ರದ ತಂತಿ ಎಷ್ಟು ಉದ್ದವೋ ಅಪಾಯ ಅಷ್ಟು. ಟೆಲಿಫೋನ್ ಕಾಲದಲ್ಲಿ ಸುಟ್ಟ ಉಪಕರಣಗಳನ್ನು ಚೀಲದಲ್ಲಿ ತುಂಬಿ ತಂದ ಮಳೆಗಾಲಗಳಿವೆ. ಈಗ ಅಡಿಕೆ ಕಳ್ಳತನದ ಭಯಕ್ಕೆ ಕಣದ ಹತ್ತಿರ ಕ್ಯಾಮೆರಾ ಹಾಕಿಸುವವರು ಮನೆಯಿಂದ ಕಣದವರೆಗೆ ತಾಮ್ರದ ಕೇಬಲನ್ನೇ ಮರದಿಂದ ಮರಕ್ಕೆ ಎಳೆಸುತ್ತಾರೆ. ಈ ಕೇಬಲಿಗೆ ಮಾನದಂಡ ಒಪ್ಪುವ ದೂರ 100 ಮೀಟರ್, ಅದನ್ನು ಮೀರಿದರೆ ಚಿತ್ರ ತಡವರಿಸುತ್ತದೆ. ಸಿಡಿಲು ಬಡಿದರೆ ಕ್ಯಾಮೆರಾದ ಜೊತೆಗೆ ಮನೆಯೊಳಗಿನ ಪೆಟ್ಟಿಗೆಯೂ ಹೋಗುತ್ತದೆ. ಅಂಗಳ ದಾಟುವ ದಾರಿಗೆ ನೆಲದಡಿ ಪೈಪು ಹೂತು, ಲೋಹದ ಎಳೆ ಇಲ್ಲದ ಫೈಬರ್ ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಕಣದ ಕ್ಯಾಮೆರಾಕ್ಕೆ ಕರೆಂಟು ಅಲ್ಲಿಂದಲೇ ಸಿಗಲಿ.

ಕೇಬಲಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಕ್ಯಾಟ್ 6 ಸಾಕು. ಅದು ಅಪ್ಪಟ ತಾಮ್ರವಾಗಿರಬೇಕು. ಮೇಲೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಕಡಿಮೆ ಬೆಲೆಗೆ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬೇಗ ಮುರಿಯುತ್ತದೆ, ಕರೆಂಟು ಸಾಗಿಸುವಾಗ ಬಿಸಿಯಾಗುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಕೇಬಲ್ ಈಗ ಬೇಡವೇ ಬೇಡ, ಪೈಪಿನೊಳಗೆ ನೈಲಾನ್ ದಾರ ಬಿಟ್ಟಿಡಿ. ಐದು ವರ್ಷದ ನಂತರ ಆ ದಾರಕ್ಕೆ ಕೇಬಲ್ ಕಟ್ಟಿ ಎಳೆದರಾಯಿತು.

ಮೋಲ್ಡ್ ಹಾಕುವ ದಿನ ಎಲೆಕ್ಟ್ರಿಷಿಯನ್ ಸ್ಥಳದಲ್ಲೇ ಇರಬೇಕು. ವೈಬ್ರೇಟರಿನ ಸೂಜಿ ತಾಗಿ ಪೈಪಿನ ಜೋಡು ಬಿಟ್ಟರೆ ಸಿಮೆಂಟು ಹಾಲು ಒಳಗೆ ಹೊಕ್ಕು ಗಟ್ಟಿಯಾಗುತ್ತದೆ, ಆ ದಾರಿ ಶಾಶ್ವತವಾಗಿ ಮುಚ್ಚಿದಂತೆ. ಪೈಪುಗಳು ಕೆಳಗಿನ ಕಂಬಿಯ ಮೇಲೆ ಬೈಂಡಿಂಗ್ ತಂತಿಯಲ್ಲಿ ಕಟ್ಟಿರಬೇಕು, ಒಂದಕ್ಕೊಂದು ಅಂಟಿಕೊಂಡು ಹೋಗಬಾರದು, ಬಾಕ್ಸಿನ ಬಾಯಿ ಮುಚ್ಚಿರಬೇಕು. ಎರಡು ಬಾಕ್ಸುಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಬೇಡ. ಎಲ್ಬೋ ಬದಲು ಅಗಲದ ಬೆಂಡ್ ಹಾಕಿಸಿ, ಫೈಬರ್ ಚೂಪು ತಿರುವನ್ನು ಸಹಿಸದು. ಕಾಂಕ್ರೀಟು ಬೀಳುವ ಮೊದಲು ಗೋಡೆಯಿಂದ ಟೇಪು ಹಿಡಿದು, ಅಳತೆ ಕಾಣುವಂತೆ ಪ್ರತಿ ಪೈಪಿನ ಫೋಟೊ ತೆಗೆದಿಡಿ. ಮುಂದೆ ಕರ್ಟನ್ ಹಾಕಲು ಡ್ರಿಲ್ ಹಿಡಿದು ಬರುವವರಿಗೆ ಆ ಫೋಟೊ ಬೇಕಾಗುತ್ತದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಸ್ಟಾರ್ ಕೊಡುವ ನಿಯಮ ತಂದಿದೆ. ಒಳ್ಳೆಯದೇ. ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುವವರು ಅದನ್ನು ಗಮನಿಸಬಹುದು. ಮೂವತ್ತು ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟುವ ಮೇಷ್ಟ್ರಿಗೆ, ಕ್ಲರ್ಕಿಗೆ, ತೋಟದ ಮನೆ ಕಟ್ಟುವ ರೈತನಿಗೆ ಅದರಿಂದ ಸಹಾಯವಿಲ್ಲ. ಅವರಿಗೆ ಬೇಕಾದದ್ದು ನಕ್ಷೆ ಬರೆಯುವ ಎಂಜಿನಿಯರ್ ಇನ್ನೊಂದು ಹಾಳೆ ಬರೆದುಕೊಡುವುದು. ನಗರಸಭೆ, ಪಂಚಾಯಿತಿಗಳು ಲೈಸೆನ್ಸ್ ಕೊಡುವಾಗ ಮಳೆನೀರಿನ ಕೊಯ್ಲಿನ ಬಗ್ಗೆ ಕೇಳುವಂತೆ ಈ ಹಾಳೆಯನ್ನೂ ಕೇಳಲಿ. ಅದಕ್ಕೆ ಹೊಸ ಶುಲ್ಕ ಬೇಡ. ಅದಾಗುವವರೆಗೆ ಮನೆ ಕಟ್ಟಿಸುವವರು ಎಲೆಕ್ಟ್ರಿಷಿಯನ್ ಜೊತೆಗಿನ ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಬೇಕು: ಕರೆಂಟಿನ ಪಾಯಿಂಟುಗಳ ಹೊರತಾಗಿ, ದಾರ ಬಿಟ್ಟ ಖಾಲಿ ಪೈಪಿಗೆ ಮೀಟರಿಗೆ ಇಷ್ಟು ಕೂಲಿ, ಬಾಕ್ಸಿಗೆ ಇಷ್ಟು, ಮೋಲ್ಡ್ ದಿನದ ಹಾಜರಿಗೆ ಇಷ್ಟು.